ಗ್ರಿಗೋರೆಯ ಮೂರು ಹೊಗೆಗೂಡುಗಳು

ಸವೇತಾಳ ಮನೆಗೆ ಹದಿನಾಲ್ಕು ಕೋಣೆ. ಆದರೆ ಮನೆಯವರು ನಾಲ್ಕೂ ಜನ ಮಲಗುತ್ತಿದ್ದದ್ದು ಹಿತ್ತಲಿನ ಅಡುಗೆಮನೆಯಲ್ಲಿ. ಇದು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ, ಓವಾಶ್ ಸೀಮೆಯ ಆ ಊರಿನಲ್ಲಿ ಎಲ್ಲರದೂ ಅದೇ ಪಾಡು. ರಸ್ತೆಗೆ ಮುಖ ಮಾಡಿ ಮೂರಂತಸ್ತಿನ ಮನೆ, ಅದಕ್ಕೆ ನೀಲಿ ಗಾಜು, ಉಕ್ಕಿನ ಕಂಬಿ, ಅಮೃತಶಿಲೆಯ ಮೆಟ್ಟಿಲು. ಅದರ ಬೆನ್ನಿಗೆ, ಹಂದಿಗೂಡಿನ ಪಕ್ಕದಲ್ಲಿ, ತಗ್ಗು ಸೂರಿನ ಒಂದೇ ಒಂದು ಕೋಣೆ. ಅಲ್ಲೇ ಒಲೆ, ಅಲ್ಲೇ ಮೇಜು, ಅಲ್ಲೇ ಮಂಚ. ಮುಂದಿನದು ನೋಡುವವರಿಗೆ, ಹಿಂದಿನದು ಬದುಕುವವರಿಗೆ.

ಸವೇತಾಳ ಗಂಡ ಗ್ರಿಗೋರೆ ಪ್ಯಾರಿಸ್ಸಿನಲ್ಲಿ ಹದಿನೇಳು ವರ್ಷ ಪರರ ಗೋಡೆಗಳಿಗೆ ಗಾರೆ ಬಳಿದ. ಅವಳು ಪರರ ಮನೆಗಳ ನೆಲ ಒರೆಸಿದಳು. ಹಾಗೆ ಎದ್ದ ಮನೆ ಅದು. ಎದುರು ಮನೆಯ ಗಾವ್ರಿಲಾ ಗೇಟಿನ ಮೇಲೆ ಎರಡು ಸಿಂಹ ಕೂರಿಸಿದ ವರ್ಷ ಗ್ರಿಗೋರೆ ಎರಡು ಹದ್ದು ಕೂರಿಸಿದ. ಗಾವ್ರಿಲಾ ಎರಡು ಹೊಗೆಗೂಡು ಎತ್ತಿಸಿದನೆಂದು ಸುದ್ದಿ ಬಂದಾಗ ಗ್ರಿಗೋರೆ ಅಲ್ಲಿಂದಲೇ ಮೇಸ್ತ್ರಿ ಇಲಿಯೆಗೆ ಫೋನು ಮಾಡಿದ. ಮೂರು ಎತ್ತು, ಚರ್ಚಿನ ತಿರುವಿನಿಂದಲೇ ಕಾಣಬೇಕು ಅಂದ. ಇಲಿಯೆ ಎತ್ತಿದ. ಕೆಂಪು ಇಟ್ಟಿಗೆ, ತಲೆಗೆ ತಾಮ್ರದ ಟೋಪಿ. ಚರ್ಚಿನ ತಿರುವಿನಿಂದ ಚೆನ್ನಾಗಿಯೇ ಕಾಣುತ್ತಿದ್ದವು.

ಮಗಳ ಮದುವೆ ಮಾಡಬೇಕೆಂದು ಗಂಡಹೆಂಡಿರು ಊರಿಗೆ ಬಂದು ಒಂದು ವರ್ಷವಾಗಿತ್ತು. ಆ ಸೆಪ್ಟೆಂಬರಿನಲ್ಲಿ ಸವೇತಾಳ ಅತ್ತೆ ತೋದೋಸಿಯಾ ಪ್ಲಮ್ ಹಣ್ಣು ಆರಿಸಲು ತೋಟಕ್ಕೆ ಹೋಗಿ ನೆನೆದು ಬಂದವಳು ಹಾಸಿಗೆ ಹಿಡಿದಳು. ಎಪ್ಪತ್ತೊಂಬತ್ತರ ಮುದುಕಿ. ಕೆಮ್ಮು ಬಂದರೆ ಮೇಜಿನ ಮೇಲಿನ ಚಮಚಗಳು ಅದುರುತ್ತಿದ್ದವು. ಪಟ್ಟಣದಿಂದ ಡಾಕ್ಟರು ಬಂದು ಬೆನ್ನಿಗೆ ಕಿವಿಯಿಟ್ಟು ಕೇಳಿದರು, ಒಲೆ ನೋಡಿದರು, ಗೋಡೆಯಲ್ಲಿ ಹಸಿರುಗಟ್ಟಿದ ಮೂಲೆ ನೋಡಿದರು. ಈ ಹೊಗೆ, ಈ ಹಬೆ, ಈ ಶೀತದಲ್ಲಿ ಚಳಿಗಾಲ ಕಳೆದರೆ ಇವರು ಈಸ್ಟರ್ ಹಬ್ಬ ಕಾಣುವುದಿಲ್ಲ, ಒಣಗಿದ ಬೆಚ್ಚಗಿನ ಕೋಣೆ ಬೇಕು ಅಂದರು. ಆಮೇಲೆ ಕಿಟಕಿಯಾಚೆ ಕೈ ತೋರಿಸಿ, ಆ ಮನೆ ಯಾರದು ಎಂದು ಕೇಳಿದರು.

"ನಮ್ಮದೇ," ಅಂದಳು ಸವೇತಾ.

ಡಾಕ್ಟರು ಚೀಲ ಮುಚ್ಚಿದರು. ಅವತ್ತು ಸವೇತಾಳಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ಸಂಜೆ ಎಲ್ಲರೂ ಮೆಕ್ಕೆಜೋಳದ ಮುದ್ದೆಗೆ ಬೀನ್ಸ್ ಸಾರು ಹಾಕಿಕೊಂಡು ಕೂತಾಗ ಅವಳೇ ಮಾತು ತೆಗೆದಳು. ದೊಡ್ಡಮನೆಯ ಕೆಳಗಿನ ಒಳ್ಳೇ ಕೋಣೆಯಲ್ಲಿ ಅಗ್ಗಿಷ್ಟಿಕೆ ಇದೆ, ಮಂಚ ಇದೆ, ಅತ್ತೆಯನ್ನು ನಾಳೆಯೇ ಅಲ್ಲಿಗೆ ಸಾಗಿಸೋಣ ಅಂದಳು. ಗ್ರಿಗೋರೆ ಚಮಚ ಕೆಳಗಿಟ್ಟ. ಅವನು ಕೆಟ್ಟವನಲ್ಲ. ತಾಯಿಗೆ ಕಾಲು ನೋವೆಂದರೆ ತಾನೇ ಎಣ್ಣೆ ತಿಕ್ಕುವವನು. ಆದರೆ ಇನ್ನು ಮೂರು ವಾರಕ್ಕೆ ಬೀಗರಾಗುವವರು ಮನೆ ನೋಡಲು ಬರುವವರಿದ್ದರು.

"ಆ ಕೋಣೇಲಿ ಬಳುವಳಿ ಜೋಡಿಸಿದೆ. ಅವರು ನೋಡೋಕೆ ಬರೋದೇ ಅದನ್ನ," ಅಂದ. "ಅವರು ಬಂದು ಹೋಗ್ಲಿ. ಆಮೇಲೆ ಅವ್ವನ್ನ ಅಲ್ಲೇ ಮಲಗಿಸೋಣ."

"ಅಷ್ಟರಲ್ಲಿ ಅತ್ತೆಗೆ ಏನಾದ್ರೂ ಆದ್ರೆ?"

"ಮೂರು ವಾರ ತಾನೆ."

ಮೇಲಿನ ಅಂತಸ್ತುಗಳು ಯಾಕಾಗಬಾರದು ಎಂದು ಮಗಳು ಓನಿತ್ಸಾ ಕೇಳಿದಳು. ಮೇಲೆ ನೆಲಕ್ಕಿನ್ನೂ ಕಲ್ಲು ಹಾಸಿರಲಿಲ್ಲ. ಪರದೆ ಮಾತ್ರ ಕಟ್ಟಿತ್ತು, ಅದೂ ರಸ್ತೆಯ ಕಡೆಯ ಕಿಟಕಿಗಳಿಗೆ.

ಸವೇತಾ ಅತ್ತೆಯ ಕಡೆ ತಿರುಗಿದಳು. ಮುದುಕಿ ತಾನೇ ಬಾಯಿಬಿಟ್ಟು ಕೇಳಿದರೆ ಮಗ ಇಲ್ಲವೆನ್ನಲಾರ ಎಂಬುದು ಅವಳ ಲೆಕ್ಕ. ಆದರೆ ತೋದೋಸಿಯಾ ಮಗನಿಗಿಂತ ಒಂದು ಕೈ ಮೇಲೆ. ಬಳುವಳಿಯ ಮಂಚದ ಮೇಲೆ ಚಾವಣಿ ಮುಟ್ಟುವಂತೆ ಪೇರಿಸಿದ್ದ ಇಪ್ಪತ್ತೆರಡು ದಿಂಬುಗಳಿಗೆ ಕಸೂತಿ ಹಾಕಿದವಳು ಅವಳೇ, ಉಣ್ಣೆಯ ಕಂಬಳಿಗಳನ್ನು ನೇಯ್ದವಳೂ ಅವಳೇ.

"ಆ ಮಂಚದ ಮೇಲೆ ನಾನು ಮಲಗ್ಲಾ? ನಿನಗೇನು ತಲೆ ಕೆಟ್ಟಿದೆಯಾ ಸವೇತಾ? ಆ ದಿಂಬು ಮಲಗೋಕೆ ಮಾಡಿದ್ದಲ್ಲ."

"ಮತ್ಯಾಕೆ ಮಾಡಿದ್ದು?"

"ನೋಡೋಕೆ," ಅಂದಳು ಮುದುಕಿ, ಮಗುವಿಗೆ ಹೇಳುವಂತೆ. "ಎಣ್ಣೆ ವಾಸನೆ, ಕೆಮ್ಮಿನ ವಾಸನೆ ಬಡಿದ್ರೆ ಬೀಗಿತ್ತಿ ಮೂಗು ಮುಚ್ಚಿಕೊಂಡು ಹೋಗ್ತಾಳೆ. ನಾನು ಸತ್ತ ಮೇಲೆ ಅಲ್ಲಿ ಇಡಿ. ಗೇಟಿನ ಎರಡೂ ಬಾಗಿಲು ತೆಗೆದಿಡಿ, ಊರೋರು ನೋಡ್ಲಿ. ಅಲ್ಲೀವರೆಗೆ ನನ್ನ ಪಾಡಿಗೆ ನನ್ನ ಬಿಟ್ಟುಬಿಡಿ."

ಯಾರನ್ನು ಉಳಿಸಬೇಕೋ ಅವರೇ ಹೀಗಂದರೆ ಸೊಸೆಯಾದವಳು ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು? ಸವೇತಾ ಎದ್ದು ತಟ್ಟೆಗಳನ್ನು ತೊಳೆಯಲು ಹೋದಳು. ಮಾರನೆಯ ದಿನ ಒಲೆಗೂ ಮಂಚಕ್ಕೂ ನಡುವೆ ಗ್ರಿಗೋರೆ ಹಲಗೆಯ ಅಡ್ಡಗೋಡೆ ಕಟ್ಟಿಕೊಟ್ಟ. ಅದರಿಂದ ಹೊಗೆ ಕಡಿಮೆಯಾಯಿತು, ಆದರೆ ಶಾಖವೂ ಕಡಿಮೆಯಾಯಿತು.

ಬೀಗರು ಬರುವ ವಾರ ತಾಯಿಮಗಳಿಗೆ ಉಸಿರಾಡಲು ಬಿಡುವಿರಲಿಲ್ಲ. ಅಮೃತಶಿಲೆಯನ್ನು ಸೋಪಿನ ನೀರು ಹಾಕಿ ಉಜ್ಜಿದರು, ಗಾಜಿಗೆ ಹಳೇ ಪೇಪರು ತಿಕ್ಕಿದರು, ಹದ್ದುಗಳ ರೆಕ್ಕೆಯಿಂದ ಪಾರಿವಾಳದ ಹಿಕ್ಕೆ ಕೆರೆದರು. ದೊಡ್ಡಮನೆಯ ಅಡುಗೆಕೋಣೆಯಲ್ಲಿ ಒಂದು ಗ್ಯಾಸ್ ಒಲೆಯಿತ್ತು, ಅದರ ಮೇಲಿನ ಪ್ಲಾಸ್ಟಿಕ್ಕನ್ನು ಹತ್ತು ವರ್ಷದಲ್ಲಿ ಯಾರೂ ಬಿಚ್ಚಿರಲಿಲ್ಲ. ಅದನ್ನು ಬಿಚ್ಚಿ, ಮೇಲೊಂದು ಖಾಲಿ ಪಾತ್ರೆ ಇಟ್ಟರು. ನಿಜವಾದ ಅಡುಗೆ ಹಿತ್ತಲಿನಲ್ಲೇ. ಕೋಸಿನ ಎಲೆಯಲ್ಲಿ ಸುತ್ತಿದ ಮಾಂಸ, ವಾಲ್ನಟ್ ತುಂಬಿದ ಸಿಹಿ ರೊಟ್ಟಿ, ಎಲ್ಲವನ್ನೂ ಮಗ್ಗುಲು ಬಾಗಿಲಿನಿಂದ ಕದ್ದು ಸಾಗಿಸುವುದು ಎಂದು ಏರ್ಪಾಡಾಯಿತು. ಅಜ್ಜಿ ಕೆಮ್ಮಿದರೆ ಏನು ಮಾಡುವುದೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅವಳೇ ಹೇಳಿದಳು, ನಾನು ಕೆಮ್ಮಲ್ಲ ಹೋಗು ಅಂತ.

ಭಾನುವಾರ ಚರ್ಚು ಬಿಟ್ಟ ಮೇಲೆ ಬೀಗರು ಪಕ್ಕದ ಊರಿನಿಂದ ಕಾರಿನಲ್ಲಿ ಬಂದರು. ಹುಡುಗ ವಿಯೊರೆಲ್ ನಾಚಿಕೆಯವನು, ಓನಿತ್ಸಾಳ ಬೂಟು ಬಿಟ್ಟು ಬೇರೇನೂ ನೋಡಲಿಲ್ಲ. ಅವನ ತಂದೆ ಕುಡಿಯುವುದಕ್ಕೆ ಮಾತ್ರ ಬಾಯಿ ತೆರೆಯುವವನು. ಮಾತೆಲ್ಲ ತಾಯಿ ಪರಸ್ಕೀವಾಳದು. ಅವಳು ತುಪ್ಪಳದ ಕೋಟು ತೊಟ್ಟಿದ್ದಳು, ಅದನ್ನು ಕಡೆಯವರೆಗೂ ತೆಗೆಯಲಿಲ್ಲ. ಆ ಹಜಾರದಲ್ಲಿ ಯಾರೇ ಆದರೂ ತೆಗೆಯುತ್ತಿರಲಿಲ್ಲ ಬಿಡಿ. ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು. ಗ್ರಿಗೋರೆ ಬಿಳಿ ಅಂಗಿಯಲ್ಲಿ, ಸವೇತಾ ತೆಳ್ಳನೆ ರೇಷ್ಮೆಯಲ್ಲಿ ಹಲ್ಲು ಕಚ್ಚಿ ನಗುತ್ತಿದ್ದರು. ಯಾರೂ ಚಳಿ ಅನ್ನಲಿಲ್ಲ.

ಪರಸ್ಕೀವಾ ಕೆಳಗಿನ ಅಂತಸ್ತಿನ ಕೋಣೆ ಕೋಣೆ ನೋಡಿದಳು. ದಿಂಬುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿ ತಲೆದೂಗಿದಳು. ಗೋಡೆಗೆ ತಗುಲಿಸಿದ್ದ, ಬಿಸಿನೀರು ಹರಿದು ಕೋಣೆ ಕಾಯಿಸುವ ಹೀಟರಿನ ಮೇಲೆ, ಏನೋ ಧೂಳು ಒರೆಸುವವಳ ಹಾಗೆ, ಅಂಗೈ ಇಟ್ಟಳು. ಅದು ಮಂಜುಗಡ್ಡೆ. ಅದಕ್ಕೆ ನೀರು ಕಾಯಿಸುವ ಬಾಯ್ಲರನ್ನೇ ಅವರು ಕೊಂಡಿರಲಿಲ್ಲ. ಸವೇತಾ ಅವಳ ಕೈ ನೋಡಿದಳು, ಅವಳು ಸವೇತಾಳ ಮುಖ ನೋಡಿದಳು.

"ಇಟಲಿಯದಾ?" ಅಂದಳು ಪರಸ್ಕೀವಾ.

"ಇಟಲಿಯದೇ."

"ನಮ್ಮದೂ ಅಲ್ಲಿಯದೇ."

ಊಟಕ್ಕೆ ಕೂತಾಗ ಬೀಗಿತ್ತಿ ಅಜ್ಜಿ ಎಲ್ಲಿ ಎಂದು ಕೇಳಿದಳು. ದಿಂಬಿನ ಕಸೂತಿ ಮಾಡಿದ ಕೈ ನೋಡಬೇಕಂತೆ. ಅವ್ವನಿಗೆ ಸ್ವಲ್ಪ ಮೈ ಹುಷಾರಿಲ್ಲ, ಮೇಲಿನ ಕೋಣೆಯಲ್ಲಿ ಮಲಗಿದಾಳೆ ಎಂದ ಗ್ರಿಗೋರೆ. ಅವನ ಬಾಯಿಂದ ಆ ಮಾತು ಬೀಳಬೇಕು, ಹಿತ್ತಲಿನಿಂದ ಕೆಮ್ಮು ಎದ್ದಿತು. ಮುದುಕಿ ಎಷ್ಟು ಹೊತ್ತಿನಿಂದ ತಡೆದುಕೊಂಡಿದ್ದಳೋ ಏನೋ, ಬಂದದ್ದು ಒಂದೆರಡಲ್ಲ. ಹುಡುಗನ ತಂದೆ ಗ್ಲಾಸು ಕೆಳಗಿಟ್ಟ. ಓನಿತ್ಸಾ ತಲೆ ತಗ್ಗಿಸಿದಳು. ಕೆಮ್ಮು ನಿಂತಾಗ ಪರಸ್ಕೀವಾ ಹಿತ್ತಲಿನ ಕಡೆ ನೋಡಲಿಲ್ಲ. ಕತ್ತೆತ್ತಿ ಚಾವಣಿಯ ಕಡೆ ನೋಡಿದಳು.

"ಪಾಪ," ಅಂದಳು. "ಮೇಲೆ ಗಾಳಿ ಬೆಳಕು ಚೆನ್ನಾಗಿರತ್ತೆ."

"ಹೌದು," ಅಂದಳು ಸವೇತಾ. "ಬೆಳಗ್ಗೆ ಬಿಸಿಲು ಬೀಳತ್ತೆ."

ಹೇಳಿದ ಮೇಲೆ ಅವಳಿಗೆ ತನ್ನ ನಾಲಿಗೆಯನ್ನೇ ಕಿತ್ತುಹಾಕಬೇಕೆನಿಸಿತು. ಆದರೆ ಆಡಿದ್ದು ಆಗಿತ್ತು, ಮಾಂಸದ ತಟ್ಟೆ ಮತ್ತೊಂದು ಸುತ್ತು ಬಂತು, ಸಾಯಂಕಾಲದೊಳಗೆ ಸಂಬಂಧ ಕುದುರಿತು. ಈಸ್ಟರ್ ಕಳೆದು ಮದುವೆ ಎಂದಾಯಿತು.

ಕಾರು ಹೋದ ಮೇಲೆ ಎಲ್ಲರೂ ಓಡಿಬಂದು ಹಿತ್ತಲಿನ ಒಲೆಯ ಮುಂದೆ ಕೈ ಕಾಯಿಸುತ್ತ ನಿಂತರು. ತೋದೋಸಿಯಾ ಹಲಗೆಯ ಆಚೆಯಿಂದಲೇ, ದಿಂಬು ಎಣಿಸಿದಳಾ ಎಂದು ಕೇಳಿದಳು. ಎಣಿಸಿದಳು ಅಜ್ಜಿ ಎಂದು ಓನಿತ್ಸಾ ಹೇಳಿದಳು. ಆಮೇಲೆ ಅವಳು ತಾಯಿಯ ಕಡೆ ತಿರುಗಿದಳು.

"ಅಲ್ಲಿಗೆ ಹೋದ ಮೇಲೂ ನಾನು ಹಿಂದಿನ ಅಡುಗೆಮನೇಲೇ ತಾನೆ ಇರೋದು?"

ಸವೇತಾ ಒಲೆಗೆ ಸೌದೆ ಒಡ್ಡಲು ಬಗ್ಗಿದಳು. ಅಷ್ಟರಲ್ಲಿ ಮುದುಕಿಯೇ, ಅವರ ಅಡುಗೆಮನೆ ನಮ್ಮದಕ್ಕಿಂತ ದೊಡ್ಡದಂತೆ ಕಣೇ, ಎರಡು ಕಿಟಕಿ ಇದೆಯಂತೆ ಎಂದು ಸಮಾಧಾನ ಹೇಳಿದಳು. ಹುಡುಗಿ ನಗಬೇಕೋ ಅಳಬೇಕೋ ತಿಳಿಯದೆ ತಟ್ಟೆ ತೊಳೆಯಲು ಕೂತಳು.

ಇನ್ನು ಗ್ರಿಗೋರೆ ಕೊಟ್ಟಿದ್ದ ಮಾತು ಉಳಿದಿತ್ತು. ಸವೇತಾ ಸೋಮವಾರವೇ ನೆನಪಿಸಿದಳು. ಅವನು ಈ ವಾರ ಸೌದೆ ತರಬೇಕು ಅಂದ. ಮುಂದಿನ ವಾರ, ಮದುವೆಯವರೆಗೆ ಬಳುವಳಿ ಅಲುಗಾಡಿಸದಿದ್ದರೆ ಒಳ್ಳೆಯದಲ್ಲವೆ, ಬೀಗರು ಯಾವಾಗ ಬೇಕಾದರೂ ಬರಬಹುದು ಅಂದ. ಆಸ್ಪತ್ರೆಗಾದರೂ ಸೇರಿಸೋಣವೆಂದು ಸವೇತಾ ಹಟ ಹಿಡಿದು ಪಟ್ಟಣಕ್ಕೆ ಕರೆದುಕೊಂಡು ಹೋದಳು. ಒಂಬತ್ತನೆಯ ದಿನ ಮುದುಕಿ, ಗುರುತಿಲ್ಲದವರ ನಡುವೆ ಸಾಯಲಾರೆ ಎಂದು ಅನ್ನನೀರು ಬಿಟ್ಟು ಕೂತಳು. ಕರೆತಂದರು. ಹಸಿರುಗಟ್ಟಿದ ಗೋಡೆ, ಹಲಗೆ, ಒಲೆ, ಎಲ್ಲ ಅದೇ. ನವೆಂಬರಿನ ಮೊದಲ ಹಿಮ ಬೀಳುವ ಹೊತ್ತಿಗೆ ಅವಳ ತುಟಿ ನೀಲಿಯಾಗಿತ್ತು, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು.

ಒಂದು ಬೆಳಗ್ಗೆ ಗ್ರಿಗೋರೆ ಕಾಡಿಗೆ ಹೋದ ಮೇಲೆ ಸವೇತಾ ಏಪ್ರನ್ನು ಬಿಗಿದು ಕಟ್ಟಿದಳು.

"ಓನಿತ್ಸಾ, ಕಂಬಳಿಯ ಆ ತುದಿ ಹಿಡಿ," ಅಂದಳು. "ಇನ್ನು ಯಾರನ್ನೂ ಕೇಳೋದಿಲ್ಲ."

ಮುದುಕಿ ಬೈದಳು, ಆಮೇಲೆ ಬೈಯಲೂ ಉಸಿರು ಸಾಲದೆ ಸುಮ್ಮನಾದಳು. ಹಕ್ಕಿಯಷ್ಟು ಹಗುರವಾಗಿದ್ದಳು. ಮಂಚ ಮುಟ್ಟಕೂಡದು ಎಂಬ ಒಂದೇ ಹಟ ಮಾತ್ರ ಬಿಡಲಿಲ್ಲ. ಸರಿ ಎಂದು ದಿಂಬಿನ ಬೆಟ್ಟಕ್ಕೂ ಅಗ್ಗಿಷ್ಟಿಕೆಗೂ ನಡುವೆ ನೆಲದ ಮೇಲೆ ಹಾಸಿಗೆ ಹಾಕಿದರು. ಸವೇತಾ ಒಣಗಿದ ಬೀಚ್ ಮರದ ಸೌದೆ ಜೋಡಿಸಿ, ಕೈಯಾರೆ ಕಡ್ಡಿ ಗೀರಿದಳು. ಹತ್ತು ವರ್ಷದಲ್ಲಿ ಆ ಮನೆಯಲ್ಲಿ ಹತ್ತಿದ ಮೊದಲ ಬೆಂಕಿ ಅದು. ಉರಿ ಎದ್ದಾಗ ಬಿಳಿ ಕಲ್ಲೆಲ್ಲ ಬಂಗಾರದ ಬಣ್ಣವಾಯಿತು. ಮುದುಕಿ ಕೂಡ ಕಣ್ಣರಳಿಸಿ ನೋಡಿದಳು. ಸವೇತಾಳಿಗೆ ಎಷ್ಟೋ ವಾರಗಳ ಮೇಲೆ ಎದೆ ಹಗುರವಾಯಿತು.

ಆಮೇಲೆ ಹೊಗೆ ಬಂತು. ಮೊದಲು ಎಳೆಎಳೆಯಾಗಿ, ಮತ್ತೆ ಸುರುಳಿ ಸುರುಳಿಯಾಗಿ, ಮೇಲೆ ಹೋಗಬೇಕಾದದ್ದೆಲ್ಲ ಕೋಣೆಗೇ ನುಗ್ಗಿತು. ಹಕ್ಕಿ ಗೂಡು ಕಟ್ಟಿರಬೇಕೆಂದು ಸವೇತಾ ಉದ್ದನೆಯ ಕೋಲು ತಂದು ಮೇಲಕ್ಕೆ ತಿವಿದಳು. ಒಂದು ಮೊಳ ಹೋಗಿ ಠಣ್ ಎಂದಿತು. ಇನ್ನೊಂದು ಕಡೆ ತಿವಿದರೂ ಅದೇ ಸದ್ದು. ಮೇಲೆ ಕಾಂಕ್ರೀಟು. ಓನಿತ್ಸಾ ಕಿಟಕಿಗಳನ್ನು ತೆರೆದು, ಬಕೆಟ್ಟು ನೀರು ಸುರಿದು ಬೆಂಕಿ ಆರಿಸಿದಳು. ತೆರೆದ ಕಿಟಕಿಯಿಂದ ಹಿಮ ಒಳಗೆ ಬೀಳುತ್ತಿತ್ತು. ಮುದುಕಿ ಕೆಮ್ಮಿ ಕೆಮ್ಮಿ ಮುದುಡಿಹೋಗಿದ್ದಳು.

ಮಧ್ಯಾಹ್ನದೊಳಗೆ ಗ್ರಿಗೋರೆಯೂ ಬಂದ, ಮೇಸ್ತ್ರಿ ಇಲಿಯೆಯನ್ನೂ ಕರೆಸಿದರು. ಇಲಿಯೆ ಟೋಪಿ ಕೈಯಲ್ಲಿ ಹಿಡಿದು ಅಗ್ಗಿಷ್ಟಿಕೆಯೊಳಗೆ ಬಗ್ಗಿ ನೋಡಿದ. ಆಶ್ಚರ್ಯವೇನೂ ಪಡಲಿಲ್ಲ.

"ಇಲ್ಲಿ ಕೊಳವೆ ಬಿಟ್ಟಿಲ್ಲ," ಅಂದ. "ಹೊಗೆಗೂಡು ತಾರಸಿಯ ಮೇಲೆ ನಿಂತಿದೆ. ಮೂರೂ ಅಷ್ಟೆ."

"ಅಂದ್ರೆ?" ಅಂದ ಗ್ರಿಗೋರೆ.

"ನೀನು ಕೇಳಿದ್ದು ಹೊಗೆಗೂಡು, ಗ್ರಿಗೋರೆ. ಚರ್ಚಿನ ತಿರುವಿನಿಂದ ಕಾಣಬೇಕು ಅಂದೆ, ಕಾಣತ್ತೆ. ಬೆಂಕಿ ಹಾಕ್ತೀವಿ ಅಂತ ಯಾರು ಹೇಳಿದ್ರು? ಈ ಊರಲ್ಲಿ ಯಾರು ಹಾಕ್ತಾರೆ?"

ಈಗ ಕೊಳವೆ ಕೊರೆಯಬೇಕೆಂದರೆ ಮೂರು ಅಂತಸ್ತಿನ ಕಾಂಕ್ರೀಟು ಒಡೆಯಬೇಕು, ಅದು ವಸಂತಕಾಲದ ಮಾತು ಎಂದೂ ಅವನು ವಿವರಿಸಿದ. ಗ್ರಿಗೋರೆ ಮಸಿ ಹಿಡಿದ ಗೋಡೆಯ ಮೇಲೆ ಬೆರಳಾಡಿಸಿದ. ಆಮೇಲೆ ಅವನು ಕೇಳಿದ್ದನ್ನು ಸವೇತಾ ಬದುಕಿರುವವರೆಗೆ ಮರೆಯುವುದಿಲ್ಲ. "ಇದು ಗಾವ್ರಿಲಾನಿಗೆ ಗೊತ್ತಾ?" ಎಂದು ಕೇಳಿದ.

"ಅವನದೂ ನಾನೇ ಕಟ್ಟಿದ್ದು," ಅಂದ ಇಲಿಯೆ. ಬಿಗಿದಿದ್ದ ಗ್ರಿಗೋರೆಯ ಭುಜ ಸ್ವಲ್ಪ ಸಡಿಲಾಯಿತು.

ಎರಡು ಸರಳಿನ ಕರೆಂಟು ಒಲೆಯೊಂದನ್ನು ತಂದು ಎರಡು ದಿನ ನೋಡಿದರು. ಆ ಎತ್ತರದ ಚಾವಣಿಗೆ, ಆ ಕಲ್ಲಿಗೆ ಅದು ಯಾವ ಮೂಲೆಗೂ ಸಾಲಲಿಲ್ಲ. ಮೂರನೆಯ ದಿನ ಕಂಬಳಿಯ ನಾಲ್ಕು ತುದಿ ಹಿಡಿದು ಮುದುಕಿಯನ್ನು ಹಿಮದ ಮೇಲೆ ನಡೆದುಕೊಂಡು ವಾಪಸು ಅಡುಗೆಮನೆಗೆ ತಂದರು. ದಾರಿಯಲ್ಲಿ ಅವಳು ಹೇಳಿದ್ದು ಒಂದೇ, ಆ ಗೋಡೆಗೆ ಸುಣ್ಣ ಹೊಡೀರಿ, ಮದುವೆಗೆ ಜನ ಬರ್ತಾರೆ. ಗ್ರಿಗೋರೆ ಅವತ್ತೇ ಹೊಡೆದ. ಹೊಡೆದು ಬಂದು, ಸುಣ್ಣದ ಕೈಯಲ್ಲೇ ತಾಯಿಯ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತ ಕೂತ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

"ಅವ್ವ, ನಾನು ತಪ್ಪು ಮಾಡ್ದೆ."

"ಮೂರೂ ಚೆನ್ನಾಗಿವೆ ಕಣೋ," ಅಂದಳು ತೋದೋಸಿಯಾ. "ಗಾವ್ರಿಲಾಂದು ಎರಡೇ."

ಸವೇತಾ ಒಲೆಗೆ ಸೌದೆ ತುಂಬುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಅವಳಿಗೆ ಸಿಟ್ಟು ಬರಬೇಕಿತ್ತು, ಆದರೆ ಯಾರ ಮೇಲೆ ಬರಬೇಕು? ಗಂಡನ ಮೇಲೆ ಬರುವಂತಿರಲಿಲ್ಲ, ಅವನು ಅಳುತ್ತಿದ್ದ. ಅತ್ತೆಯ ಮೇಲೆ ಹೇಗೆ ಬರುತ್ತದೆ? ಆ ಕಲ್ಲುಗಳಲ್ಲಿ ಸವೇತಾಳದೇ ಹದಿನೇಳು ವರ್ಷವೂ ಇತ್ತು. ಬಿಸಿ ಹಾಲಿಗೆ ಜೇನು ಬೆರೆಸಿ ಅತ್ತೆಯ ತುಟಿಗೆ ಹಿಡಿಯುವುದೊಂದೇ ಅವಳ ಕೈಲಿದ್ದ ಕೆಲಸ.

ಡಿಸೆಂಬರಿನ ಎರಡನೆಯ ವಾರ, ಹಬ್ಬದ ಹಂದಿ ಕಡಿಯುವ ಮುನ್ನಾದಿನ ಬೆಳಗ್ಗೆ, ಮುದುಕಿ ಹೋದಳು.

ಅವಳು ಹೇಳಿದಂತೆಯೇ ಎಲ್ಲ ನಡೆಯಿತು. ಒಳ್ಳೇ ಕೋಣೆಯಲ್ಲಿ, ದಿಂಬಿನ ಬೆಟ್ಟದ ಪಕ್ಕದಲ್ಲಿ, ಹೊಸ ಸುಣ್ಣದ ಗೋಡೆಯ ಎದುರು ಶವಪೆಟ್ಟಿಗೆ ಇಟ್ಟರು. ಗೇಟಿನ ಎರಡೂ ಬಾಗಿಲು ತೆಗೆದರು. ಹದಿನಾಲ್ಕೂ ಕೋಣೆಗಳಲ್ಲಿ ದೀಪ ಹಾಕಿದರು. ಊರಿಗೆ ಊರೇ ಬಂತು. ಪಾದ್ರಿ ಪ್ರಾರ್ಥನೆ ಮುಗಿಸಿ, ಕೈ ಉಜ್ಜಿಕೊಳ್ಳುತ್ತ ಸವೇತಾಳ ಬಳಿ ಬಂದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ಈ ಕೋಣೆ ತಣ್ಣಗಿರೋದು ಒಳ್ಳೇದಾಯ್ತಮ್ಮ. ಮೂರು ದಿನ ಇಟ್ಟರೂ ಏನೂ ಆಗೋದಿಲ್ಲ."

ಹೆಂಗಸರು ಸಾಲಾಗಿ ಬಂದು ಪೆಟ್ಟಿಗೆ ಮುಟ್ಟಿ, ಶಿಲುಬೆಯ ಗುರುತು ಮಾಡಿ, ಆಮೇಲೆ ದಿಂಬುಗಳನ್ನೂ ಮುಟ್ಟಿ ಮುಂದೆ ಹೋದರು. ಎಂಥ ಮನೆಯಲ್ಲಿ ಬಾಳಿದಳು ಪುಣ್ಯಾತ್ಗಿತ್ತಿ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಓನಿತ್ಸಾ ಬೇಯಿಸಿದ ಗೋಧಿಗೆ ಸಕ್ಕರೆ, ವಾಲ್ನಟ್ ಬೆರೆಸಿ ತಟ್ಟೆಯಲ್ಲಿಟ್ಟುಕೊಂಡು, ಸತ್ತ ಅಜ್ಜಿಯ ಹೆಸರಿನಲ್ಲಿ, ಬಂದವರಿಗೆಲ್ಲ ಹಂಚುತ್ತಿದ್ದಳು. ಅತ್ತತ್ತು ಅವಳ ಮುಖ ಊದಿತ್ತು.

ಪರಸ್ಕೀವಾ ಅದೇ ತುಪ್ಪಳದ ಕೋಟಿನಲ್ಲಿ ಬಂದಳು. ಅವಳೂ ಕಣ್ಣು ಒರೆಸಿಕೊಂಡಳು. ಅದು ನಾಟಕವಾಗಿರಲಿಲ್ಲ. ಸವೇತಾಳ ತೋಳು ಹಿಡಿದು ಅಗ್ಗಿಷ್ಟಿಕೆಯ ಪಕ್ಕ ನಿಂತಳು. ಅವಳ ಬಾಯಿಂದ ಹಬೆ ಬರುತ್ತಿತ್ತು.

"ಹೊತ್ತಲ್ಲದ ಹೊತ್ತಲ್ಲಿ ಕೇಳ್ತಿದೀನಿ, ತಪ್ಪು ತಿಳೀಬೇಡಿ ಬೀಗಿತ್ತಿ," ಅಂದಳು. "ನಮ್ಮವರು ಬರೋ ಬೇಸಿಗೇಲಿ ಇಂಥದ್ದೇ ಹೊಗೆಗೂಡು ಎತ್ತಿಸಬೇಕು ಅಂತಿದಾರೆ. ಮಕ್ಕಳಿಗೆ ಚಳಿಗಾಲಕ್ಕೆ ಒಂದು ಬೆಚ್ಚಗಿನ ಕೋಣೆ ಆಗಲಿ ಅಂತ. ಹೊಗೆ ಚೆನ್ನಾಗಿ ಎಳೆಯತ್ತಾ?"

ಸವೇತಾ ಬಾಯಿ ತೆರೆದಳು. ಎದುರಿಗೆ ಪೆಟ್ಟಿಗೆ. ಅದರಾಚೆ ಬಾಗಿಲಲ್ಲಿ ಗಾವ್ರಿಲಾ ಟೋಪಿ ತೆಗೆದು ನಿಂತಿದ್ದ. ಗ್ರಿಗೋರೆ ಅವನ ಪಕ್ಕದಲ್ಲಿ ನಿಂತು ಹೆಂಡತಿಯ ಬಾಯಿಯನ್ನೇ ನೋಡುತ್ತಿದ್ದ. ಗೋಧಿಯ ತಟ್ಟೆ ಹಿಡಿದು ಓನಿತ್ಸಾ ಎರಡು ಹೆಜ್ಜೆಯ ಅಂತರದಲ್ಲಿದ್ದಳು. ನಿಜ ಹೇಳಲು ಒಂದು ಮಾತು ಸಾಕಿತ್ತು.

"ಎಳೆಯತ್ತೆ," ಅಂದಳು ಸವೇತಾ. "ಚೆನ್ನಾಗಿ ಎಳೆಯತ್ತೆ. ಇಲಿಯೆ ಅಂತ ನಮ್ಮೂರ ಮೇಸ್ತ್ರಿ ಕಟ್ಟಿದ್ದು."

ಓನಿತ್ಸಾ ತಾಯಿಯ ಮುಖ ನೋಡಿದಳು. ಬಹಳ ಹೊತ್ತೇನಲ್ಲ, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಮುಂದೆ ಬಂದು ಪರಸ್ಕೀವಾಳ ಎದುರು ತಟ್ಟೆ ಹಿಡಿದಳು.

"ತಗೊಳ್ಳಿ ಅತ್ತೆ," ಅಂದಳು. "ನಾವಿಬ್ಬರೂ ಇಲ್ಲೇ, ಮುಂದಿನ ಅಡುಗೆಮನೇಲೇ ಮಾಡಿದ್ದು."